ತಾಡಪಾಲಿನ ನೆರಳು

ಫೋನಿನ ಆ ಕಡೆಯ ಮನುಷ್ಯ ತನ್ನ ಗಿಡದ ಬಗ್ಗೆ ಹೇಳುತ್ತಲೇ ಇದ್ದ. ಅವಳು ಕೇಳುವುದನ್ನು ಆಗಲೇ ನಿಲ್ಲಿಸಿದ್ದಳು. ಎಲೆ ಬಿಳಚಿಕೊಂಡಿದೆ, ಕಾಂಡ ಉದ್ದಕ್ಕೆ ಹೋಗುತ್ತಿದೆ, ನಿಲ್ಲಲು ಕಸುವಿಲ್ಲ, ಮೊಗ್ಗಿನ ಸುಳಿವಿಲ್ಲ. ತೋಟಗಾರಿಕೆ ಸಲಹಾ ಕೇಂದ್ರದ ಈ ಮೇಜಿಗೆ ಸದಾ ಬರುವ ದೂರು. "ಗಿಡದ ಮೇಲೆ ಏನಿದೆ?" ಎಂದು ಕೇಳಿದಳು. "ಮೇಲೆ ಅಂದ್ರೆ?" "ಮರ, ತಗಡು, ಏನಾದ್ರೂ ಅಡ್ಡ." "ಓಹೋ, ಅಲ್ಲಿ ನಮ್ಮಾಕೆ ಬಟ್ಟೆ ಒಣಹಾಕ್ತಾಳಮ್ಮಾ. ಬೆಡ್‌ಶೀಟು. ವರ್ಷಪೂರ್ತಿ." "ಹಾಗಾದ್ರೆ ಅದಕ್ಕೆ ಬೆಳಕಿನ ಹಸಿವು. ಗೊಬ್ಬರ ಬೇಡ, ಔಷಧಿ ಬೇಡ. ಬೆಡ್‌ಶೀಟು ತೆಗೆಸಿ. ಒಂದೇ ಸಲ ಅಲ್ಲ, ಸ್ವಲ್ಪ ಸ್ವಲ್ಪವಾಗಿ ಬಿಸಿಲಿಗೆ ಒಡ್ಡಿ." "ಬೆಡ್‌ಶೀಟು ತೆಗಿ ಅಂತ ನಮ್ಮಾಕೆಗೆ ನೀವೇ ಹೇಳ್ತೀರಾ? ಗಿಡ ಹೋದ್ರೆ ಇನ್ನೊಂದು ತರಬಹುದು, ನನ್ನನ್ನ ಎಲ್ಲಿಂದ ತರ್ತೀರಿ?" ಅವನು ನಕ್ಕ. ಅವಳು ನಗಬೇಕಾದ ಜಾಗದಲ್ಲಿ ಒಂದು ಸದ್ದು ಮಾಡಿ ಫೋನಿಟ್ಟಳು.

ಬೆಳಕಿನ ಹಸಿವು. ಈ ಮಾತು ಇಲ್ಲಿ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ. ಮನೆಯಲ್ಲಿ ಅತ್ತೆ ಅವಳನ್ನು ಅಂಗಳಕ್ಕೆ ಕರೆದು, ಗೋಡೆಗೆ ಹಬ್ಬಿಸಿದ ಗುಲಾಬಿ ಬಳ್ಳಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, "ಇದಕ್ಕೇನಾಗಿದೆ ನೋಡೇ, ಓದಿದೋಳು ನೀನು" ಎಂದಾಗಲೂ ಅದೇ ಮಾತು ಗಂಟಲವರೆಗೆ ಬಂದಿತ್ತು. ನೋಡುವುದಕ್ಕೇನೂ ಇರಲಿಲ್ಲ. ಮೊದಲ ವರ್ಷದ ವಿದ್ಯಾರ್ಥಿಯೂ ದೂರದಿಂದಲೇ ಹೇಳಬಹುದಾಗಿತ್ತು. ಗೆಣ್ಣಿನಿಂದ ಗೆಣ್ಣಿಗೆ ಒಂದು ಗೇಣು ಅಂತರ, ಎಲೆಗಳಲ್ಲಿ ಹಸಿರು ಎಂಬುದು ಬರೀ ನೆನಪು, ಹೊಸ ಕೊಂಬೆ ಗೋಡೆಯನ್ನೂ ತಂತಿಯನ್ನೂ ಬಿಟ್ಟು ಮೂಲೆಯ ಕಡೆಗೆ ಕತ್ತು ಚಾಚಿಕೊಂಡಿತ್ತು. ಆ ಮೂಲೆಯಲ್ಲಿ, ಬಿಸಿಲಿಗೆ ಅಡ್ಡವಾಗಿ ಅಂಗಳದ ಮೇಲೆ ಕಟ್ಟಿದ್ದ ನೀಲಿ ತಾಡಪಾಲಿಗೂ ಗೋಡೆಗೂ ನಡುವೆ ಸಂದಿಯಿತ್ತು. ಒಂದಿಷ್ಟು ಬೆಳಕು ಅಲ್ಲಿಂದ ಇಳಿಯುತ್ತಿತ್ತು. ಬಾವಿಗೆ ಬಿದ್ದವರು ಮೇಲೆ ನೋಡುವ ಹಾಗೆ ಗಿಡ ಅತ್ತಲೇ ನೋಡುತ್ತಿತ್ತು. ಅವಳೂ ತಲೆಯೆತ್ತಿ ತಾಡಪಾಲನ್ನು ನೋಡಿದಳು, ತಗ್ಗಿಸಿದಳು. "ನೀರು ಜಾಸ್ತಿಯಾಗಿದೆ ಅತ್ತೆ" ಎಂದಳು.

ಅತ್ತೆಯ ಕೈಯಲ್ಲಿ ಆಗ ನೀರಿನ ಚೊಂಬು ಇತ್ತು. ಅದನ್ನು ಅವರು ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದೇ ನಿಂತಿದ್ದರು. "ನಾನೇ ಹಾಕ್ತಿದ್ದೆ, ಬೆಳಿಗ್ಗೆ ಸಂಜೆ. ಒಣಗಬಾರದು ಅಂತ." "ಬೇರಿಗೆ ಉಸಿರು ಸಿಕ್ಕಲ್ಲ ಅತ್ತೆ, ಕೊಳೆಯುತ್ತೆ." "ಹಾಗಾದ್ರೆ ನಾನೇ..." ಎಂದು ಅತ್ತೆ ಮಾತು ನಿಲ್ಲಿಸಿದರು. ಅವಳು ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊತ್ತಾಯಿತೆಂದು ಹೊರಟಿದ್ದಳು. ಅಂದಿನಿಂದ ಅತ್ತೆ ನೀರು ಹಾಕಿಲ್ಲ. ಸಂಜೆ ಅಂಗಳಕ್ಕೆ ಬಂದು ಗಿಡದಿಂದ ದೂರ ನಿಂತು ನೋಡುತ್ತಾರೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಾರೆ. ತಪ್ಪು ಮಾಡಿದ ಮಗುವನ್ನು ಗೋಡೆಯ ಪಕ್ಕ ನಿಲ್ಲಿಸಿದ ಹಾಗೆ. ಅಡುಗೆಮನೆಯ ಕಿಟಕಿಯಿಂದ ಅದು ಕಾಣಿಸುತ್ತದೆ. ಅವಳು ಕಿಟಕಿಯ ಕಡೆ ಬೆನ್ನು ಮಾಡಿ ಪಾತ್ರೆ ತೊಳೆಯುವುದನ್ನು ರೂಢಿ ಮಾಡಿಕೊಂಡಿದ್ದಾಳೆ. ಮಳೆಯಿಲ್ಲದ ಕಾಲ. ಎಲೆಗಳು ಒಂದೊಂದಾಗಿ ಉದುರಿದವು. ಗೋಡೆಯಲ್ಲಿದ್ದ ಎರಡು ಮುಖ್ಯ ಕೊಂಬೆಗಳಲ್ಲಿ ಹಳೆಯದು ಬೋಳಾಯಿತು. ಸುಳ್ಳಿಗೆ ಒಂದು ಸ್ವಭಾವವಿದೆ, ಹೇಳಿದ ಮೇಲೆ ತನ್ನನ್ನು ನಿಜ ಮಾಡಿಕೊಳ್ಳಲು ಅದು ಹೊರಡುತ್ತದೆ: ನೀರಿನಿಂದ ಏನೂ ಆಗಿರದಿದ್ದ ಗಿಡ ಈಗ ನೀರಿಲ್ಲದೆ ಸಾಯುತ್ತಿತ್ತು.

ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ತಾಡಪಾಲು ತೆಗೆಯೋಣ ಅತ್ತೆ. ಅದನ್ನು ಕಟ್ಟಿದವನು ಅವಳ ಗಂಡ. ಮಧ್ಯಾಹ್ನದ ಬಿಸಿಲು ಅವಳ ಓದುವ ಮೇಜಿನ ಮೇಲೆ ಬೀಳುತ್ತದೆಂದು ಅವಳು ರಗಳೆ ಮಾಡಿದ್ದಳು. "ಈ ಕೋಣೇಲಿ ಓದೋದಿರಲಿ, ಉಸಿರಾಡೋಕೂ ಆಗಲ್ಲ, ಯಾರಿಗೆ ಹೇಳೋದು" ಎಂದು ಅವನಿಗೆ ಕೇಳುವ ಹಾಗೆ ಗೋಡೆಗೆ ಹೇಳಿದ್ದಳು. ರಜೆಯ ದಿನ ಅವನು ಏಣಿ ಹಾಕಿ, ಹಲ್ಲಲ್ಲಿ ಹಗ್ಗ ಕಚ್ಚಿಕೊಂಡು, ಅಂಗಳದ ಮೇಲೆ ಈ ನೀಲಿಯನ್ನು ಎಳೆದು ಕಟ್ಟಿದ. "ಬಾರೇ, ನೋಡು ಬಾ, ಸಮುದ್ರ ತಂದಿದೀನಿ ನಿನಗೆ" ಎಂದು ಕೂಗಿದ. "ಆಮೇಲೆ ಬರ್ತೀನಿ" ಎಂದು ಅವಳು ಒಳಗಿನಿಂದಲೇ ಹೇಳಿದಳು. ಯಾವುದೋ ಪುಸ್ತಕದ ಪುಟದ ನಡುವೆ ಇದ್ದಳು, ಈಗ ಯಾವ ಪುಸ್ತಕವೆಂಬುದೂ ನೆನಪಿಲ್ಲ. ಅದರ ಕೆಳಗೆ ಅತ್ತೆಯ ಗುಲಾಬಿಗೆ ಕತ್ತಲಾಗುತ್ತದೆಂದು ಅವಳಿಗೆ ಹೊಳೆದಿತ್ತು. ನಾಳೆ ಹೇಳಿದರಾಯಿತು, ಸ್ವಲ್ಪ ಸರಿಸಿ ಕಟ್ಟಿದರಾಯಿತು ಎಂದುಕೊಂಡಿದ್ದಳು. ಆ ವಾರವೇ ಅವನು ರಸ್ತೆ ದಾಟುತ್ತಿದ್ದವನು ಆ ಕಡೆಯ ದಡ ತಲುಪಲಿಲ್ಲ. ಗಂಟುಗಳು ಹಾಗೇ ಉಳಿದವು. ಮೂಲೆಯ ಕಂಬದಲ್ಲಿ ಒಂದು, ನೀರಿನ ಕೊಳವೆಯಲ್ಲಿ ಒಂದು, ಕಿಟಕಿಯ ಸರಳಿನಲ್ಲಿ ಎರಡು. ಅವನ ಬಟ್ಟೆಗಳು ಯಾರ ಕೈಯಿಂದಲೋ ಯಾರ ಮನೆಗೋ ಹೋದವು, ಅವಳು ತಡೆಯಲಿಲ್ಲ, ಅವುಗಳಲ್ಲಿ ಅವನಿರಲಿಲ್ಲ. ಕಿಟಕಿಯ ಸರಳಿನ ಗಂಟಿನಲ್ಲಿದ್ದ. ಅವನ ಬೆರಳು ಎಳೆದ ಬಿಗಿ ಹಗ್ಗದಲ್ಲಿ ಇನ್ನೂ ಇತ್ತು. ರಾತ್ರಿ ಗಾಳಿಗೆ ತಾಡಪಾಲು ಉಬ್ಬಿದರೆ ಆ ಗಂಟು ಕಿರ್ರೆನ್ನುತ್ತಿತ್ತು, ಆಗ ಅವಳಿಗೆ ನಿದ್ದೆ ಬರುತ್ತಿತ್ತು.

ಗುಲಾಬಿ ಅತ್ತೆಯದು. ಮದುವೆಗೆ ಎಷ್ಟೋ ಮುಂಚೆ, ಮೊದಲ ಕೆಲಸ ಸಿಕ್ಕಾಗ ಅವನು ಅಮ್ಮನಿಗೆಂದು ನೆಟ್ಟದ್ದು. ಗೋಡೆಗೆ ತಂತಿ ಎಳೆದು, ಕೊಂಬೆಗಳನ್ನು ಮಲಗಿಸಿ ಹಬ್ಬಿಸಿದ್ದು. ನೆಟ್ಟಗೆ ಬಿಟ್ಟರೆ ತುದಿಯಲ್ಲಿ ನಾಲ್ಕು ಹೂ, ಅಡ್ಡ ಮಲಗಿಸಿದರೆ ಮೈತುಂಬ ಹೂ ಎಂದು ಅವಳು ಈ ಮನೆಗೆ ಬಂದ ಹೊಸತರಲ್ಲಿ ಅವನಿಗೇ ವಿವರಿಸಲು ಹೋದಾಗ, "ಅದು ನನಗೂ ಗೊತ್ತು, ಪುಸ್ತಕ ಓದದೆ" ಎಂದು ತಲೆಗೆ ಮೊಟಕಿದ್ದ. ಹೀಗೆ ಅವನು ಅಂಗಳದಲ್ಲಿ ಬಿಟ್ಟುಹೋದದ್ದು ಎರಡು: ತಾಯಿಗೊಂದು, ಹೆಂಡತಿಗೊಂದು. ಅವಳ ಪಾಲು ಅತ್ತೆಯ ಪಾಲನ್ನು ತಿನ್ನುತ್ತಿತ್ತು. ಇದನ್ನು ಇಷ್ಟು ಸ್ಪಷ್ಟವಾಗಿ ಯೋಚಿಸಿದ ಮೇಲೂ ಕೈ ಏಣಿಯ ಕಡೆಗೆ ಹೋಗುತ್ತಿರಲಿಲ್ಲ.

"ಏನಮ್ಮಾ, ಇವತ್ತು ಹೊರಗೆ ತೋಟ ನೋಡೋಕೆ ಹೋಗಬೇಕಿತ್ತಲ್ಲ?" ಹಿರಿಯ ಸಹೋದ್ಯೋಗಿ ಬಂದು ನಿಂತಿದ್ದರು. ವರ್ಷದ ಎಲ್ಲ ಋತುಗಳಲ್ಲೂ ಅದೇ ಹಸಿರು ಸ್ವೆಟರ್ ತೊಡುವುದರಿಂದ ಕಚೇರಿಯಲ್ಲಿ ಅವರಿಗೆ ಪತ್ರಹರಿತ್ತು ಎಂದು ಹೆಸರು. ಎಲೆಯ ಚೂರು ತೋರಿಸಿದರೆ ಅದರ ಕುಲಗೋತ್ರವನ್ನೆಲ್ಲ ಹೇಳುತ್ತಾರೆ, ಮನುಷ್ಯರ ಮುಖ ಮಾತ್ರ ನೆನಪಿರುವುದಿಲ್ಲ. ಒಮ್ಮೆ ತಮ್ಮ ಸ್ವಂತ ಷಡ್ಡಕನಿಗೇ ಸಾಲಿನಲ್ಲಿ ಬನ್ನಿ ಎಂದಿದ್ದರು. "ಗಾಡಿ ಕೆಟ್ಟಿದೆಯಂತೆ ಸರ್, ಇವತ್ತು ಹೋಗೋದಿಲ್ಲ." "ಹಾಗಾದ್ರೆ ಮೇಜು ನಾನು ನೋಡ್ಕೋತೀನಿ. ನೀನು ಒಳಗೆ ಆ ಟೊಮೇಟೊ ಎಲೆ ನೋಡು. ಮುಖ ಯಾಕೆ ಹಾಗಿದೆ? ನಿನಗೂ ಬಿಸಿಲು ಸಾಲದು ಅಂತ ಕಾಣುತ್ತೆ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ಕೆನ್ನೆಗೆ ಹೋಯಿತು. ಅವರು ಆಗಲೇ ಬೇರೆ ಏನನ್ನೋ ಹುಡುಕುತ್ತಿದ್ದರು.

ಹಲಗೆಯ ಮರೆಯ ಹಿಂದೆ ಸೂಕ್ಷ್ಮದರ್ಶಕ, ಗಾಜಿನ ತಟ್ಟೆಗಳು, ಒಂದು ಸ್ಟೂಲು. ಹೊರಗಿನ ಮೇಜಿನಲ್ಲಿ ಆಡುವ ಮಾತು ಇಲ್ಲಿ ಪಕ್ಕದಲ್ಲೇ ಆಡಿದ ಹಾಗೆ ಕೇಳಿಸುತ್ತದೆ. ಅವಳು ಟೊಮೇಟೊ ಎಲೆಯ ಬೆನ್ನಿನ ಮೇಲಿನ ಬೂದಿಯನ್ನು ನೋಡುತ್ತಿದ್ದಾಗ ಹೊರಗೆ ಯಾರೋ ಕೆಮ್ಮಿದರು. ಆ ಕೆಮ್ಮು ಅವಳಿಗೆ ಗೊತ್ತಿತ್ತು. ಮಾತಾಡುವ ಮುನ್ನ ಅನುಮತಿ ಕೇಳುವ ಹಾಗೆ ಒಂದು ಸಲ, ಅನುಮತಿ ಸಿಕ್ಕಿತೋ ಇಲ್ಲವೋ ನೋಡಲು ಇನ್ನೊಂದು ಸಲ. ಬೆಳಿಗ್ಗೆ ಮನೆಯಲ್ಲಿ, ಇವತ್ತು ನಾನು ಹೊರಗೆ ಹೋಗ್ತೀನಿ ಅತ್ತೆ, ಸಂಜೆ ತಡ ಎಂದು ಅವಳೇ ಹೇಳಿ ಬಂದಿದ್ದಳು. ಅತ್ತೆ ಈ ದಿನವನ್ನು ನೋಡಿ ಆರಿಸಿಕೊಂಡು ಬಂದಿದ್ದರು.

"ಸ್ವಾಮಿ, ಒಂದು ಗಿಡದ ವಿಷಯ ಕೇಳಬೇಕಿತ್ತು." ಗಿಡದ ತುಂಡು ಸುತ್ತಿ ತಂದ ಒದ್ದೆ ಬಟ್ಟೆ ಬಿಚ್ಚುವ ಸದ್ದು. ಪತ್ರಹರಿತ್ತುವಿನ ಕುರ್ಚಿ ಮುಂದಕ್ಕೆ ಸರಿಯಿತು. "ಗುಲಾಬಿ. ಹಬ್ಬಿಸೋದು. ಅಯ್ಯೋ, ಇದನ್ನ ಯಾವ ಗವಿಯಲ್ಲಿ ಇಟ್ಟಿದ್ರಿ ತಾಯೀ?" "ಅಂಗಳದಲ್ಲೇ ಇದೆ." "ನೀರು?" "ಮೊದಲು ಹಾಕ್ತಿದ್ದೆ. ಜಾಸ್ತಿಯಾಯ್ತು ಅಂತ ಗೊತ್ತಿರೋರು ಹೇಳಿದ್ರು. ಈಗ ಬಿಟ್ಟಿದೀನಿ." "ಯಾರು ಆ ಗೊತ್ತಿರೋರು? ನೀರು ಜಾಸ್ತಿಯಾದ ಗಿಡ ಹೀಗಿರುತ್ತಾ? ಇದು ಕತ್ತಲು ತಾಯೀ, ಕುರುಡನಿಗೂ ಕಾಣುತ್ತೆ. ಹೇಳಿದವರಿಗೆ ಕಣ್ಣು ತೋರಿಸಿಕೊಳ್ಳೋಕೆ ಹೇಳಿ." ಅವಳು ಸ್ಟೂಲಿನ ಅಂಚು ಹಿಡಿದುಕೊಂಡಳು. ಹೊರಗೆ ಅತ್ತೆ, "ಅವಳನ್ನ ಅನ್ನಬೇಡಿ ಸ್ವಾಮಿ" ಎಂದರು. "ಅವಳಿಗೂ ಗೊತ್ತು."

ಎದ್ದು ಹೊರಗೆ ಹೋಗಬೇಕಿತ್ತು. ಹಲಗೆಯ ಬಾಗಿಲು ಒಂದು ಮೊಳ ದೂರದಲ್ಲಿತ್ತು. ತಾನು ಇಲ್ಲಿ ಉಸಿರು ಬಿಗಿಹಿಡಿದು ಕೂತಿರುವುದು, ಮಾಡಿದ ತಪ್ಪಿಗಿಂತ ಇನ್ನೂ ಹೀನವೆಂದು ಅವಳಿಗೆ ತಿಳಿಯುತ್ತಿತ್ತು. ಕಾಲು ಮಾತ್ರ ಸ್ಟೂಲಿನ ಅಡ್ಡಪಟ್ಟಿಗೆ ಸುತ್ತಿಕೊಂಡೇ ಇತ್ತು.

"ಮೇಲೆ ಏನಿದೆ?" "ತಾಡಪಾಲು ಇದೆ." "ತೆಗೀರಿ ಮತ್ತೆ! ಇಷ್ಟಕ್ಕೆ ಇಷ್ಟು ದೂರ ಬಂದ್ರಾ?" "ಅದನ್ನ ತೆಗೆಯೋ ಹಾಗಿಲ್ಲ." "ಯಾಕೆ?" ಅತ್ತೆ ಕೆಮ್ಮಿದರು. "ಮನೇಲಿ ಒಬ್ಬಳು ಹುಡುಗಿ ಇದಾಳೆ. ಸೊಸೆ. ಅವಳು ಅದರ ಕೆಳಗೇ ಉಸಿರಾಡ್ಕೊಂಡಿದಾಳೆ. ಅದನ್ನ ಬಿಚ್ಚಿದ್ರೆ ಏನಾಗ್ತಾಳೋ ಗೊತ್ತಿಲ್ಲ ನನಗೆ." ಪತ್ರಹರಿತ್ತುವಿನ ಕುರ್ಚಿ ಹಿಂದಕ್ಕೆ ಸರಿಯಿತು. "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅದಕ್ಕೇ ನಿಮ್ಮ ಹತ್ರ ಬಂದೆ" ಎಂದು ಅತ್ತೆ ಮುಂದುವರಿಸಿದರು, ಅಂಗಡಿಯಲ್ಲಿ ಬೆಲೆ ಕಡಿಮೆ ಮಾಡಲು ಕೇಳುವ ದನಿಯಲ್ಲಿ. "ಕತ್ತಲಲ್ಲೇ ಬದುಕಿಕೊಳ್ಳೋ ಹಾಗೆ ಏನಾದ್ರೂ ಔಷಧಿ ಇದ್ರೆ ಕೊಡಿ. ಹೂ ಬಿಡದಿದ್ರೂ ಪರವಾಗಿಲ್ಲ. ಸಾಯದಿದ್ರೆ ಸಾಕು." "ಅಂಥದ್ದು ಇಲ್ಲ ತಾಯೀ" ಎಂದರು ಅವರು. ಬಟ್ಟೆ ಮತ್ತೆ ಸುತ್ತುವ ಸದ್ದು. "ಇಲ್ವಾ" ಎಂದರು ಅತ್ತೆ. "ಸರಿ ಬಿಡಿ. ಇದ್ರೆ ಅಂತ ಕೇಳಿದೆ."

ಚಪ್ಪಲಿಯ ಸದ್ದು ಬಾಗಿಲು ದಾಟಿದ ಮೇಲೂ ಅವಳು ಏಳಲಿಲ್ಲ. ಹಾಗಾದರೆ ಗೊತ್ತಿತ್ತು. ಆ ಬೆಳಿಗ್ಗೆಯೇ ಗೊತ್ತಿತ್ತು. ತಾನು ಮೇಲೆ ನೋಡಿ ತಲೆ ತಗ್ಗಿಸಿದ್ದನ್ನು ಅವರೂ ನೋಡಿದ್ದರು. ಚೊಂಬು ಹಿಡಿದು ನಿಂತಿದ್ದ ಆ ಹೆಂಗಸು ಸುಳ್ಳನ್ನು ಸುಳ್ಳೆಂದು ತಿಳಿದೇ ಕೈಚಾಚಿ ತೆಗೆದುಕೊಂಡು, ದಿನವೂ ಸಂಜೆ ಅಂಗಳಕ್ಕೆ ಬಂದು, ಅಡುಗೆಮನೆಯ ಕಿಟಕಿಗೆ ಕಾಣುವ ಹಾಗೆ ತಪ್ಪಿತಸ್ಥೆಯಂತೆ ನಿಲ್ಲುತ್ತಿದ್ದರು. ತನಗೋಸ್ಕರ. ಅವಳಿಗೆ ಮೊದಲು ಬಂದದ್ದು ಕೃತಜ್ಞತೆಯಲ್ಲ, ಸಿಟ್ಟು. ಕರುಣೆಯನ್ನು ಕೇಳದೆ ಕೊಟ್ಟವರ ಮೇಲೆ ಬರುವ ಸಿಟ್ಟು. "ತಲೆ ನೋವು ಸರ್" ಎಂದು ಹೇಳಿ ಹೊರಟಾಗ ಪತ್ರಹರಿತ್ತು, "ಹೋಗು ಹೋಗು. ಈಗ ಒಬ್ಬಾಕೆ ಬಂದಿದ್ರು, ವಿಚಿತ್ರ ಮನುಷ್ಯರು ಇದಾರಮ್ಮ ಈ ಲೋಕದಲ್ಲಿ" ಎಂದರು. ಅವರ ಮೇಜಿನ ಮೇಲೆ ಬಿಳಚಿಕೊಂಡ ಒಂದು ಎಲೆ ಬಿದ್ದಿತ್ತು.

ಬಸ್ಸಿಗೆ ಕಾಯಲಾಗದೆ ಆಟೋ ಹತ್ತಿ ಬಂದಳು. ಅತ್ತೆ ಇನ್ನೂ ಬಂದಿರಲಿಲ್ಲ. ಅಂಗಳ ನೀಲಿಯಾಗಿತ್ತು: ಗೋಡೆ, ಮೆಟ್ಟಿಲು, ಅವಳ ಕೈ, ಎಲ್ಲಕ್ಕೂ ನೀರಿನಡಿಯ ಬಣ್ಣ. ಅವಳು ಏಣಿ ಎಳೆದು ತಂದಳು. ಗಂಟನ್ನು ಬಿಚ್ಚಬೇಕು, ಕತ್ತರಿಸಬಾರದು ಎಂದುಕೊಂಡು ಹತ್ತಿದವಳು ಉಗುರು ಹಾಕಿದಳು, ಹಲ್ಲು ಹಾಕಿದಳು. ಬಿಸಿಲಿಗೂ ಇಬ್ಬನಿಗೂ ಹಗ್ಗ ಕಲ್ಲಾಗಿತ್ತು. ಉಗುರು ಮುರಿದು ರಕ್ತ ಬಂತು. ಅಡುಗೆಮನೆಯ ಚಾಕು ತಂದು ಕೊಯ್ಯತೊಡಗಿದಾಗ ಗಂಟಲಿನಿಂದ ಒಂದು ವಿಚಿತ್ರ ಸದ್ದು ಬರುತ್ತಿತ್ತು, ಅದನ್ನು ನಿಲ್ಲಿಸುವ ಗೋಜಿಗೆ ಅವಳು ಹೋಗಲಿಲ್ಲ. ಕಂಬದ್ದು ಹೋಯಿತು. ಕೊಳವೆಯದು ಹೋಯಿತು. ಕಿಟಕಿಯ ಸರಳಿನವೂ ಹೋದ ಮೇಲೆ ತಾಡಪಾಲು ಒಂದು ದೊಡ್ಡ ಪ್ರಾಣಿಯ ಹಾಗೆ ಮಗುಚಿ ಅಂಗಳಕ್ಕೆ ಬಿತ್ತು. ಒಣ ಎಲೆ, ಧೂಳು, ಸತ್ತ ಹುಳು ಎಲ್ಲ ಅವಳ ತಲೆಯ ಮೇಲೆ. ಆಮೇಲೆ ಬಿಸಿಲು. ಸ್ವಲ್ಪ ಸ್ವಲ್ಪವಾಗಿ ಒಡ್ಡಿ ಎಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದು ಅವಳ ಬಾಯಿಯೇ. ಗೋಡೆಯ ಮೇಲೆ ಗಿಡ ಬತ್ತಲಾದವರ ಹಾಗೆ ನಿಂತಿತ್ತು.

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅತ್ತೆ ಬರುವ ಹೊತ್ತಿಗೆ ಏನಾದರೂ ಸರಿಯಾಗಿರಬೇಕು, ಏನಾದರೂ ನೆಟ್ಟಗೆ ಕಾಣಬೇಕು ಎಂಬ ಆತುರ ಅವಳ ಕೈಗೆ ಹತ್ತಿತ್ತು. ಎಲೆ ಉಳಿದಿದ್ದ ಹೊಸ ಕೊಂಬೆ ಮೂಲೆಯ ಕಡೆಗೆ ಚಾಚಿಕೊಂಡಿತ್ತಲ್ಲ, ಅದನ್ನು ಹಿಡಿದು ಗೋಡೆಗೆ ತಂದು, ಅಡ್ಡ ತಂತಿಗೆ ಮಲಗಿಸಲು ಬಗ್ಗಿಸಿದಳು. ಇಂಥ ಎಳಸು ಕೊಂಬೆಯನ್ನು ದಿನಕ್ಕೊಂದಿಷ್ಟು ಬಗ್ಗಿಸಬೇಕು, ವಾರಗಟ್ಟಲೆ ಹಿಡಿಯುತ್ತದೆ. ಇದನ್ನೂ ಅವಳು ಎಷ್ಟು ಜನಕ್ಕೆ ಹೇಳಿದ್ದಾಳೋ. ಇನ್ನೊಂದು ಬೆರಳಿನಷ್ಟು, ಇನ್ನೊಂದಿಷ್ಟು. ತಂತಿ ಮುಟ್ಟುವುದರೊಳಗೆ ಅದು ಬುಡದಲ್ಲಿ ಮುರಿಯಿತು. ಸದ್ದು ಕೂಡ ಆಗಲಿಲ್ಲ, ಬೆಂದ ಸೊಪ್ಪಿನ ದಂಟು ಮುರಿದ ಹಾಗೆ. ಇಡೀ ಕೊಂಬೆ ಅವಳ ಕೈಗೆ ಬಂತು.

ಹಿಂದೆ ಗೇಟು ಕಿರುಗುಟ್ಟಿತು. ಅತ್ತೆ ಒಳಗೆ ಬಂದವರು ಬಿಸಿಲಿಗೆ ಕಣ್ಣಿಗೆ ಕೈ ಅಡ್ಡ ಹಿಡಿದರು. ಬಿದ್ದಿದ್ದ ತಾಡಪಾಲು, ಕೊಯ್ದ ಹಗ್ಗ, ಸೊಸೆಯ ಕೈಯಲ್ಲಿನ ಕೊಂಬೆ, ಒಂದೊಂದನ್ನೂ ನೋಡಿದರು.

"ಯಾರನ್ನ ಕೇಳಿ ಬಿಚ್ಚಿದೆ?"

"ಅತ್ತೆ, ನಾನು ಅಲ್ಲೇ ಇದ್ದೆ. ಹಲಗೆ ಹಿಂದೆ. ನೀವು ಹೇಳಿದ್ದೆಲ್ಲ..."

"ಯಾರನ್ನ ಕೇಳಿ ಬಿಚ್ಚಿದೆ ಅಂದೆ!" ಅವರು ಕೂಗಿದ್ದನ್ನು ಅವಳು ಎಂದೂ ಕೇಳಿರಲಿಲ್ಲ, ಮಗ ಹೋದ ದಿನವೂ ಅವರು ಕೂಗಿರಲಿಲ್ಲ. "ನಾನು ಗಿಡದ ಆಸೆ ಬಿಟ್ಟಾಗಿತ್ತು ಕಣೇ! ಹೋದ್ರೆ ಹೋಗ್ಲಿ, ಇವಳಿಗಾದ್ರೂ ಒಂದು ಉಳೀಲಿ ಅಂತ ಮನಸ್ಸು ಕಲ್ಲು ಮಾಡ್ಕೊಂಡಿದ್ದೆ. ಎರಡರಲ್ಲಿ ಒಂದಾದ್ರೂ ಇರ್ತಿತ್ತು. ಈಗ ನೋಡು. ನೋಡೇ! ನಿಂದೂ ಹೋಯ್ತು, ನಂದೂ ಹೋಯ್ತು." ಕೈಯಲ್ಲಿದ್ದ ಒದ್ದೆ ಬಟ್ಟೆಯ ಗಂಟನ್ನು ಅವಳ ಕಡೆಗೆ ಎಸೆದರು. ಅದು ಅವಳ ಎದೆಗೆ ತಗುಲಿ ಕೆಳಗೆ ಬಿತ್ತು. ಹೊಡೆಯಲಿ, ಇನ್ನೂ ಹೊಡೆಯಲಿ ಎನ್ನಿಸುತ್ತಿತ್ತು. ಅತ್ತೆ ಹೊಡೆಯಲಿಲ್ಲ. ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕುಕ್ಕರಿಸಿದರು.

ನೆರೆಮನೆಯ ರೇಡಿಯೋದಲ್ಲಿ ಯಾರೋ ಹವಾಮಾನ ಓದುತ್ತಿದ್ದರು. ಎಷ್ಟೋ ಹೊತ್ತಾದ ಮೇಲೆ ಅತ್ತೆ ಮೂಗು ಒರೆಸಿಕೊಂಡು, "ಆ ಇನ್ನೊಂದು?" ಎಂದರು. ಗೋಡೆಯಲ್ಲಿ ಉಳಿದಿದ್ದ ಹಳೆಯ ಬೋಳು ಕೊಂಬೆಯನ್ನು ಗಲ್ಲದಿಂದ ತೋರಿಸಿದರು. "ಅದು ಸತ್ತಿದೆಯಾ?"

"ಕತ್ತರಿಸಿ ನೋಡಬೇಕು ಅತ್ತೆ. ಒಳಗಿನ ತಿರುಳು ಬಿಳಿ ಇದ್ರೆ ಜೀವ ಇದೆ. ಕಂದು ಇದ್ರೆ ಇಲ್ಲ."

"ನಾನು ಕತ್ತರಿಸ್ತೀನಿ. ನೀನು ಮುಟ್ಟಬೇಡ." ಒಳಗಿಂದ ದೊಡ್ಡ ಕತ್ತರಿ ತಂದರು. ಗೋಡೆಯ ಪಕ್ಕ ನಿಂತು ಎದೆಯ ಎತ್ತರಕ್ಕೆ ಕತ್ತರಿ ಹಿಡಿದರು. ಒಣ ಸದ್ದಾಯಿತು. ಅವರು ಬಗ್ಗಿ ನೋಡಿದರು, ಕಣ್ಣು ಕಿರಿದು ಮಾಡಿದರು. "ನನಗೆ ಕಾಣಿಸಲ್ಲ. ನೀನು ಹೇಳು." ಅವಳು ಹತ್ತಿರ ಹೋದಳು. "ಕಂದು." ಅತ್ತೆ ಸೊಂಟದ ಎತ್ತರಕ್ಕೆ ಇಳಿದರು. "ಕಂದು ಅತ್ತೆ." ಮೊಣಕಾಲೂರಿ ಕೂತು ಮತ್ತೆ ಕತ್ತರಿಸಿದರು. ಅವಳೂ ಪಕ್ಕದಲ್ಲಿ ಕೂತಳು. ಬಿಸಿಲು ಇಬ್ಬರ ಬೆನ್ನಿನ ಮೇಲಿತ್ತು, ಈ ಅಂಗಳದಲ್ಲಿ ಬೆನ್ನಿಗೆ ಬಿಸಿಲು ಬಿದ್ದು ಎಷ್ಟು ಕಾಲವಾಗಿತ್ತೋ.

ಕತ್ತರಿಸಿದ ಬಾಯಿ ಬೆರಳಿನಷ್ಟು ದಪ್ಪವಿತ್ತು. ನಡುವೆ ಒಣಗಿದ ಕಂದು ತಿರುಳು, ಅಂಚಿನಲ್ಲಿ ಕೂಡ ಅದೇ. ಅತ್ತೆಯ ಮುಖ ಅವಳ ಮುಖದ ಹತ್ತಿರದಲ್ಲೇ ಇತ್ತು, ಕಣ್ಣಿನ ಪೊರೆ ಬಿಸಿಲಿಗೆ ಹೊಳೆಯುತ್ತಿತ್ತು. ಬಿಳಿ ಎಂದರೆ ಬಿಳಿ ಎಂದು ನಂಬುತ್ತಾರೆ. ಅಥವಾ ನಂಬಿದ ಹಾಗೆ ಇರುತ್ತಾರೆ, ನಾಳೆಯಿಂದ ದಿನವೂ ಈ ಮೋಟಿಗೆ ನೀರು ಹಾಕುತ್ತಾರೆ, ಸಾಯುವವರೆಗೂ ಹಾಕುತ್ತಾರೆ. ಇಬ್ಬರಿಗೂ ಒಂದು ಕೆಲಸವಿರುತ್ತದೆ.

"ಏನೇ? ಹೇಳು. ಬಿಳಿ ಇದೆಯಾ?"

ಇನ್ನು ಕೆಳಗೆ ಒಂದೇ ಗೆಣ್ಣು ಉಳಿದಿತ್ತು, ಆಮೇಲೆ ಮಣ್ಣು.

"ಇನ್ನೂ ಕೆಳಗೆ, ಅತ್ತೆ" ಎಂದಳು, ಬೆರಳಿನಿಂದ ಬುಡದ ಮಣ್ಣನ್ನು ಸರಿಸುತ್ತ.